ಕೆನ್ಮೋರಿನ ಬಾಣಂತನ, ನೆಲಮಾಳಿಗೆಯ ಬಾಯ್ಲರು

ಮೂರು ತಿಂಗಳು ಅಮೆರಿಕದಲ್ಲಿದ್ದು ಬಂದೆ. ಏನೇನು ನೋಡಿದಿರಿ ಎಂದು ನಮ್ಮ ಬೀದಿಯವರೆಲ್ಲ ಕೇಳಿದರು. ಒಂದು ಬಾಯ್ಲರ್ ನೋಡಿದೆ ಎಂದೆ. ನಕ್ಕರು. ನಾನು ತಮಾಷೆಗೆ ಹೇಳಿರಲಿಲ್ಲ. ಸಿಯಾಟಲ್‌ನ ಗೋಪುರವನ್ನು ಕಾರಿನ ಕಿಟಕಿಯಿಂದ ಎರಡು ನಿಮಿಷ ಕಂಡೆ. ಅಲ್ಲೊಂದು ಹಿಮದ ಬೆಟ್ಟವಿದೆಯಂತೆ, ನಾನಿದ್ದಷ್ಟು ದಿನವೂ ಅದು ಮೋಡದ ಮುಸುಕು ತೆಗೆಯಲಿಲ್ಲ. ಆದರೆ ಸರೋವರದ ದಂಡೆಯ ಕೆನ್ಮೋರ್ ಎಂಬ ಸಣ್ಣ ಊರಿನಲ್ಲಿ, ಒಂದು ಹಳೆಯ ಮನೆಯ ನೆಲಮಾಳಿಗೆಯಲ್ಲಿ ಕೂತಿರುವ ಆ ಬಾಯ್ಲರಿನ ಒಂದೊಂದು ಕೊಳವೆಯನ್ನೂ ಈಗಲೂ ಚಿತ್ರ ಬರೆದು ತೋರಿಸಬಲ್ಲೆ.

ನಾನು ಮೈಸೂರಿನಲ್ಲಿ ಮೂವತ್ತೊಂದು ವರ್ಷ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟವಳು. ಅದರ ಜೊತೆಗೇ ನಮ್ಮ ಬಳಗದಲ್ಲಿ ಯಾರಿಗೆ ಹೆರಿಗೆಯಾದರೂ ಬಾಣಂತನಕ್ಕೆ ನನಗೇ ಕರೆ ಬರುತ್ತಿತ್ತು. ಬೇಸಿಗೆ ರಜದಲ್ಲಿ ಹೆತ್ತರೆ ವಿಮಲಕ್ಕ ಸಿಗುತ್ತಾಳೆ, ಲೆಕ್ಕ ಹಾಕಿ ಬಸುರಾಗಿ ಎಂದು ನಗೆಯಾಡುತ್ತಿದ್ದರು. ನನಗೆ ಅದರ ಜಂಬವೂ ಇತ್ತು, ಇಲ್ಲವೆಂದು ಯಾಕೆ ಹೇಳಲಿ. ನನ್ನ ಕೈಯಲ್ಲಿ ಬಾಣಂತನ ಮಾಡಿಸಿಕೊಂಡ ಒಬ್ಬಳಿಗೂ ಸೊಂಟನೋವಿಲ್ಲ ಎನ್ನುವುದನ್ನು ಯಾರೂ ಕೇಳದಿದ್ದರೂ ಹೇಳುತ್ತಿದ್ದೆ.

ಸಹನಾ ನನ್ನ ತಂಗಿ ಶಾರದೆಯ ಮಗಳು. ಶಾರದೆ ತೀರಿಕೊಂಡು ಮೂರು ವರ್ಷವಾಗಿತ್ತು. ಸಹನಾ ಬಸುರಿ ಎಂದು ಗೊತ್ತಾದ ವಾರವೇ ನಾನು ಪಾಸ್‌ಪೋರ್ಟಿಗೆ ಅರ್ಜಿ ಹಾಕಿದೆ. ತಾಯಿಯಿಲ್ಲದ ಹುಡುಗಿ, ಪರದೇಶ, ಸಾಲದ್ದಕ್ಕೆ ಡಿಸೆಂಬರ್ ತಿಂಗಳ ಚಳಿ. ತಾಯಿ ಮಗು ಇಬ್ಬರಿಗೂ ಒಂದು ಶೀತ ನೆಗಡಿಯೂ ಇಲ್ಲದೆ ನಲವತ್ತು ದಿನ ದಾಟಿಸುತ್ತೇನೆ ಎಂದು ಶಾರದೆಯ ಫೋಟೋ ಮುಂದೆ ನಿಂತು ಹೇಳಿ ಹೊರಟೆ. ಆ ಮಾತು ಏನಾಯಿತು ಎಂದು ಬರೆಯಲು ಕೈ ಬರುವುದಿಲ್ಲ. ಆದರೂ ಬರೆಯುತ್ತೇನೆ, ಏಕೆಂದರೆ ನಮ್ಮ ಕಡೆಯಿಂದ ಬಾಣಂತನಕ್ಕೆಂದು ವಿಮಾನ ಹತ್ತುವ ಹೆಂಗಸರು ಈಗ ಬಹಳ ಮಂದಿ.

ಸಿಯಾಟಲ್ ವಿಮಾನ ನಿಲ್ದಾಣ

ನನ್ನ ಎರಡು ಪೆಟ್ಟಿಗೆಯಲ್ಲಿ ಒಂದು ಪೂರ್ತಿ ಬಾಣಂತಿಯ ಸಾಮಾನು. ಅಂಟು, ಕೊಬ್ಬರಿ, ಒಣಶುಂಠಿ, ಲೇಹ್ಯದ ಡಬ್ಬ, ಬಜೆ, ಸಾಂಬ್ರಾಣಿ, ಮಗುವಿನ ಲಂಗೋಟಿಗೆಂದು ಒಗೆದೊಗೆದು ಮೆತ್ತಗಾದ ನಾಲ್ಕು ಹತ್ತಿ ಸೀರೆ. ತಪಾಸಣೆಯ ಅಧಿಕಾರಿ ಸಾಂಬ್ರಾಣಿ ಪೊಟ್ಟಣವನ್ನು ಮೂಸಿ ಇದೇನು ಎಂದ. ಮಗುವಿಗೆ ನೀರು ಹಾಕಿದ ಮೇಲೆ ಇದನ್ನು ಕೆಂಡಕ್ಕೆ ಉದುರಿಸಿ ಹೊಗೆ ಹಿಡಿಯುತ್ತೇವೆ ಎಂದೆ. ಮಗುವಿಗಾ ಎಂದ. ಮಗುವಿಗೇ ಎಂದೆ. ಪೊಟ್ಟಣ ಒಳಗಿಟ್ಟು, ಒಳ್ಳೆಯದಾಗಲಿ ಎಂದು ಕಳಿಸಿದ.

ಹೊರಗೆ ಸಹನಾಳ ಗಂಡ ರಘು ನಿಂತಿದ್ದರು. ಕಾರಿನಲ್ಲಿ ಹೋಗುವಾಗ ಮಳೆ ಜಿನುಗುತ್ತಿತ್ತು. ರಸ್ತೆ ಬದಿ ಜನ ಕೊಡೆಯಿಲ್ಲದೆ, ತಲೆಗೆ ಟೋಪಿಯೂ ಇಲ್ಲದೆ ನಾಯಿ ಹಿಡಿದು ನಡೆಯುತ್ತಿದ್ದರು. ಸಂಜೆ ನಾಲ್ಕೂವರೆಗೆಲ್ಲ ಕತ್ತಲಾಯಿತು. ಇಂಥ ಊರಿನಲ್ಲಿ ಒಂದು ಎಳೆ ಜೀವವನ್ನು ಬೆಚ್ಚಗಿಡಬೇಕಲ್ಲ ಎಂದು ನನಗೆ ಆಗಲೇ ಚಿಂತೆ ಹತ್ತಿತು.

ಹೆರಿಗೆಗೆ ಎಂಟು ದಿನ ಮುಂಚೆ

ಬಾಥೆಲ್, ಲಿನ್‌ವುಡ್ ಎಂಬ ಅಕ್ಕಪಕ್ಕದ ಊರುಗಳ ಹೊಸ ಮನೆಗಳಲ್ಲಿ ನೆಲದ ಜಾಲರಿಯಿಂದ ಬಿಸಿಗಾಳಿ ಬರುತ್ತದಂತೆ. ಇವರು ಸರೋವರ ಕಾಣುತ್ತದೆಂಬ ಆಸೆಗೆ ಹಳೇಕಾಲದ ಮನೆ ಕೊಂಡಿದ್ದರು. ಅದರಲ್ಲಿ ಒಂದೊಂದು ಕೋಣೆಯ ಕಿಟಕಿ ಕೆಳಗೂ ಮೊಳಕಾಲೆತ್ತರದ ಎರಕದ ಕಬ್ಬಿಣದ ರೇಡಿಯೇಟರ್. ಪಕ್ಕೆಲುಬಿನ ಹಾಗೆ ಸಾಲಾಗಿ ನಿಂತ ಟೊಳ್ಳು ಕಂಬಿಗಳು, ಒಳಗೆ ಬಿಸಿನೀರು ಹರಿಯುತ್ತದೆ, ಕಬ್ಬಿಣ ಕಾದು ಕೋಣೆ ಬೆಚ್ಚಗಾಗುತ್ತದೆ. ನೀರು ಕಾಯುವುದು ಕೆಳಗಿನ ಬಾಯ್ಲರಿನಲ್ಲಿ. ನಮ್ಮ ಬಚ್ಚಲ ಹಂಡೆಯನ್ನೇ ಇಡೀ ಮನೆಗೆ ಹಂಚಿದ್ದಾರೆ ಎಂದುಕೊಂಡೆ. ನನಗೆ ಆ ಏರ್ಪಾಡು ಬಹಳ ಹಿಡಿಸಿತು.

ರಘು ನನ್ನನ್ನು ಬೇಸ್‌ಮೆಂಟಿಗೆ ಕರೆದುಕೊಂಡು ಹೋಗಿ ತೋರಿಸಿದರು. ಬೀರುವಿನಷ್ಟು ಗಾತ್ರದ ತಗಡಿನ ಪೆಟ್ಟಿಗೆ, ತಳದಲ್ಲಿ ಗ್ಯಾಸಿನ ನೀಲಿ ಉರಿಯ ಸಾಲು, ನೆತ್ತಿಯಿಂದ ಹೊಗೆ ಹೋಗಲು ದಪ್ಪ ಕೊಳವೆ. ಬಾಗಿಲು ಹಾಕಿದರೆ ಕೋಣೆ ಬೆಚ್ಚಗೆ. ಮಗುವಿನ ಬಟ್ಟೆ ಒಣಗಿಸಲು ಇದಕ್ಕಿಂತ ಜಾಗ ಬೇಕೇ ಎಂದು ಆಗಲೇ ಹಗ್ಗ ಕಟ್ಟಿಸಿಕೊಂಡೆ.

"ಡ್ರೈಯರ್ ಇದೆಯಲ್ಲ ದೊಡ್ಡಮ್ಮ," ಎಂದರು ರಘು.

"ಆ ಮೆಷೀನಲ್ಲಿ ಹಾಕಿದ್ರೆ ಬಟ್ಟೆ ರಟ್ಟಾಗತ್ತೆ. ಎಳೇ ಮೈಗೆ ಚುಚ್ಚಲ್ವಾ? ನೀವು ಹಗ್ಗ ಕಟ್ಟಿ ಸಾಕು."

ಅಳಿಯಂದಿರು ಎದುರು ಮಾತಾಡುವವರಲ್ಲ. ಕಟ್ಟಿಕೊಟ್ಟರು.

ಆರನೆಯ ದಿನ

ಬಾಣಂತನದ ಮನೆಯಲ್ಲಿ ತಾರೀಖು ಯಾರಿಗೂ ನೆನಪಿರುವುದಿಲ್ಲ, ಹೆರಿಗೆಯಿಂದ ಎಷ್ಟನೆಯ ದಿನ ಎನ್ನುವುದೇ ಲೆಕ್ಕ. ಹೆಣ್ಣು ಮಗು, ಸುಖಪ್ರಸವ. ಹೆತ್ತ ಅರ್ಧ ಗಂಟೆಗೆ ಆಸ್ಪತ್ರೆಯ ನರ್ಸಮ್ಮ ಲೋಟದ ತುಂಬ ಐಸು ಹಾಕಿದ ನೀರು ತಂದು ಸಹನಾಳ ಕೈಗೆ ಕೊಟ್ಟಳು. ನಾನು ನಡುವೆ ಬಂದು ಕಸಿದುಕೊಂಡೆ. ಆ ಹುಡುಗಿ ಬೆಚ್ಚಿಬಿದ್ದಳು. ಮೂರನೆಯ ದಿನ ಮನೆಗೆ ಬಂದ ಮೇಲೆ ಸದ್ಯ, ಇನ್ನು ನನ್ನ ರಾಜ್ಯ ಎಂದು ಉಸಿರುಬಿಟ್ಟೆ.

ನನ್ನ ರಾಜ್ಯದಲ್ಲಿ ಗಾಳಿಗೆ ಪ್ರವೇಶವಿಲ್ಲ. ಬಾಣಂತಿಗೆ ಗಾಳಿ ತಾಗಿದರೆ ಜನ್ಮವಿಡೀ ತಲೆನೋವು ಎಂದು ನನಗೆ ಹೇಳಿಕೊಟ್ಟವರು ಹೇಳಿದ್ದರು, ನಾನೂ ಎಲ್ಲರಿಗೂ ಹೇಳಿದ್ದೆ. ಕಿಟಕಿಯ ಸಂದುಗಳಿಗೆ ಟೇಪು ಅಂಟಿಸಿದೆ. ಬಾಗಿಲಡಿಗಳಿಗೆ ಟವೆಲ್ ಸುರುಳಿ ಇಟ್ಟೆ. ಸಹನಾಳ ಕಿವಿಗೆ ಹತ್ತಿ, ತಲೆಗೆ ಬಟ್ಟೆ.

ಆರನೆಯ ದಿನ ಲಂಗೋಟಿ ಒಣಹಾಕಲು ಕೆಳಗಿಳಿದಾಗ ಹಿಂದಿನ ದಿನದ ಬಟ್ಟೆ ಇನ್ನೂ ತಣ್ಣಗೇ ಇತ್ತು. ಕಾಲಿಗೆ ಮಂಜಿನಂಥ ಗಾಳಿ ಹೊಡೆಯಿತು. ಬಗ್ಗಿ ನೋಡಿದರೆ ಬಾಯ್ಲರ್ ಕೋಣೆಯ ಹೊರಗೋಡೆಯಲ್ಲಿ ಎರಡು ಕಿಂಡಿ. ಒಂದು ನೆಲದ ಹತ್ತಿರ, ಇನ್ನೊಂದು ಸೂರಿನ ಹತ್ತಿರ. ಬರೀ ತಂತಿಬಲೆ, ಮುಚ್ಚಲು ಬಾಗಿಲೂ ಇಲ್ಲ. ಒಳಗೆ ಗ್ಯಾಸು ಉರಿಸಿ ಮನೆ ಕಾಯಿಸುತ್ತಾರೆ, ಪಕ್ಕದಲ್ಲೇ ಗೋಡೆಗೆ ತೂತು ಕೊರೆದು ಚಳಿಯನ್ನು ಒಳಗೆ ಕರೆಯುತ್ತಾರೆ, ಎಂಥ ಬುದ್ಧಿವಂತರಪ್ಪ ಎಂದುಕೊಂಡೆ. ತಂದಿದ್ದ ಸೀರೆಗಳಲ್ಲಿ ಹಸಿರಿನದನ್ನು ಎರಡು ತುಂಡು ಮಾಡಿ, ಕುರ್ಚಿ ಹತ್ತಿ, ಎರಡು ಕಿಂಡಿಗೂ ಬಿಗಿಯಾಗಿ ತುರುಕಿದೆ. ಗಾಳಿ ನಿಂತಿತು. ಬಟ್ಟೆ ಸಂಜೆಗೆಲ್ಲ ಒಣಗಿತು. ಯಾರಿಗೂ ಹೇಳಲಿಲ್ಲ. ಹೇಳುವಂಥದ್ದು ಎಂದೇ ಅನ್ನಿಸಲಿಲ್ಲ.

ಅದೇ ದಿನ ಮಗುವಿಗೆ ಎಣ್ಣೆನೀರು ಹಾಕಿ ಸಾಂಬ್ರಾಣಿ ಹೊಗೆ ಹಿಡಿದೆ. ಹಜಾರದ ಸೂರಿನಲ್ಲಿದ್ದ ಬಿಳಿ ಬಿಲ್ಲೆಯೊಂದು ಕಿವಿ ಹರಿಯುವಂತೆ ಕಿರುಚಿತು. ಅದು ಕಿರುಚಿದ್ದೇ ಮಿಕ್ಕೆರಡು ಕೋಣೆಯ ಬಿಲ್ಲೆಗಳೂ ಶುರು ಮಾಡಿದವು. ಮಗು ಕೈಕಾಲು ಒದರಿ ನೀಲಿಗಟ್ಟುವಂತೆ ಅತ್ತಿತು. ರಘು ಏಣಿ ಹತ್ತಿ ಮೂರನ್ನೂ ಬಿಚ್ಚಿದರು.

"ಇದು ಹೊಗೆಗೂ ಹೊಡ್ಕೊಳತ್ತೆ, ಗ್ಯಾಸಿಗೂ ಹೊಡ್ಕೊಳತ್ತೆ ದೊಡ್ಡಮ್ಮ. ದಿನಾ ಸಾಂಬ್ರಾಣಿ ಹಾಕ್ಬೇಕಾ?"

"ನಲವತ್ತು ದಿನ ಹಾಕ್ಬೇಕು."

"ಸರಿ ಬಿಡಿ. ಆಮೇಲೆ ವಾಪಸ್ ಹಾಕ್ತೀನಿ," ಎಂದು ಮೂರನ್ನೂ ಒಂದು ಚೀಲದಲ್ಲಿ ಕಟ್ಟಿ ಕಾರಿನ ಡಿಕ್ಕಿಯಲ್ಲಿಟ್ಟರು.

ಒಂಬತ್ತನೆಯ ದಿನ

ಭಾನುವಾರ. ಬೆಳಿಗ್ಗೆ ಎದ್ದರೆ ಮನೆ ತಣ್ಣಗೆ. ರೇಡಿಯೇಟರ್ ಮುಟ್ಟಿದೆ, ಬಾವಿಕಟ್ಟೆ ಮುಟ್ಟಿದ ಹಾಗಿತ್ತು. ಎಲ್ಲ ಕೋಣೆಯದೂ ಅಷ್ಟೇ. ನಾನು ಸಹನಾಳಿಗೆ ಇನ್ನೊಂದು ರಗ್ಗು ಹೊದಿಸಿ, ಮಗುವನ್ನು ನನ್ನ ಸೆರಗಿನೊಳಗೆ ಸುತ್ತಿಕೊಂಡು ರಘುವಿನ ಹಿಂದೆ ಹಿಂದೆ ತಿರುಗಿದೆ.

ಅವರು ಫೋನಿನಲ್ಲಿ ವಿಡಿಯೋ ಹಾಕಿಕೊಂಡು ಒಂದೊಂದೇ ನೋಡುತ್ತ ಬಂದರು. ಮೊದಲು ಗೋಡೆಯ ಥರ್ಮೋಸ್ಟಾಟ್, ಅದರ ಬ್ಯಾಟರಿ ಬದಲಿಸಿದರು. ಆಮೇಲೆ ಕರೆಂಟಿನ ಬೋರ್ಡು, ಅದು ಸರಿಯಿತ್ತು. ಅಡುಗೆ ಒಲೆ ಉರಿಯುತ್ತಿತ್ತು, ಹಾಗಾಗಿ ಗ್ಯಾಸೂ ಬರುತ್ತಿದೆ. ಆಮೇಲೆ ರೇಡಿಯೇಟರಿನಲ್ಲಿ ಗಾಳಿ ಸಿಕ್ಕಿಕೊಂಡಿದ್ದರೆ ಬಿಸಿನೀರು ಮೇಲೇರುವುದಿಲ್ಲ ಎಂದು ಸಣ್ಣ ಬೀಗದಕೈಯಂಥದ್ದನ್ನು ಅದರ ಮೂಲೆಯಲ್ಲಿ ತಿರುಗಿಸಿದರು. ನಾನು ಚೊಂಬು ಹಿಡಿದೆ. ಹಾವಿನಂತೆ ಬುಸ್ ಎಂದು ಗಾಳಿ ಹೋಗಿ, ಹಿಂದೆಯೇ ಮಸಿನೀರು ಬಂತು. ಏಳು ರೇಡಿಯೇಟರಿಗೂ ಇದೇ ಉಪಚಾರ. ಒಂದೂ ಬಿಸಿಯಾಗಲಿಲ್ಲ.

ಲಿನ್‌ವುಡ್‌ನಲ್ಲಿ ಇವರ ಸ್ನೇಹಿತರೊಬ್ಬರು, ಹುಬ್ಬಳ್ಳಿಯ ಬಸವರಾಜ್. ಅವರಿಗೆ ಫೋನ್ ಮಾಡಿದರು.

"ನಮ್ಮನ್ಯಾಗ ಬಿಸಿಗಾಳಿ ಬರ್ತೈತ್ರಿ, ಇಂಥಾ ಕಬ್ಬಿಣದ ಪೆಟಗಿ ನಾ ನೋಡೇ ಇಲ್ಲ," ಎಂದರು ಬಸವರಾಜ್. "ಕೂಸು ಐತಿ ಮನ್ಯಾಗ. ನೀವ್ ಏನೂ ಮುಟ್ಟಬ್ಯಾಡ್ರಿ, ತಿಳದಾವ್ರನ್ನ ಕರಸ್ರಿ."

ತಿಳಿದವರಿಗೂ ಫೋನಾಯಿತು. ಆ ವಾರ ಚಳಿ ಹೆಚ್ಚಾಗಿ ಎಲ್ಲರ ಮನೆಯಲ್ಲೂ ಇದೇ ಗೋಳು, ಗುರುವಾರಕ್ಕೆ ಮುಂಚೆ ಬರಲಾಗುವುದಿಲ್ಲ ಎಂದರು. ಗುರುವಾರಕ್ಕೆ ಇನ್ನೂ ನಾಲ್ಕು ದಿನ. ಕರೆಂಟಿನ ಹೀಟರೊಂದು ತಂದರಾಯಿತು ಎಂದು ರಘು ಹೊರಟಿದ್ದರು. ಅಷ್ಟರಲ್ಲಿ ನಾನೇ ಬಾಯ್ಲರಿನ ಸುತ್ತ ಕಣ್ಣಾಡಿಸಿ ಅದನ್ನು ಪತ್ತೆ ಮಾಡಿದೆ. ಹೊಗೆ ಕೊಳವೆ ಶುರುವಾಗುವ ಕಡೆ ನಾಣ್ಯದಷ್ಟು ಅಗಲದ ಒಂದು ಬಿಲ್ಲೆ, ನಡುವೆ ಕೆಂಪು ಗುಂಡಿ. ರಘು ಒತ್ತಿದರು. ಟಕ್ ಎಂದಿತು. ಕೆಳಗೆ ನೀಲಿ ಉರಿ ಹತ್ತಿಕೊಂಡಿತು.

ಅದರ ಪಕ್ಕ ಒಂದು ಚೀಟಿ ಅಂಟಿಸಿದ್ದರು. ಇದು ತಾನಾಗಿ ನಿಂತರೆ ಮತ್ತೆ ಮತ್ತೆ ಒತ್ತಬೇಡಿ, ತಿಳಿದವರನ್ನು ಕರೆಯಿರಿ ಎಂದು. ನಾನು ಅದನ್ನು ಓದಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಓದಿದೆ. ಕರೆದಿದ್ದೇವಲ್ಲ, ಬರುವವರೆಗೆ ಮಗು ನಡುಗಬೇಕೇ ಎಂದೆ. ರಘು ಅನುಮಾನಿಸಿದರು. ನನ್ನ ದನಿ ಗಟ್ಟಿಯಿತ್ತು.

ಮೂರು ನಾಲ್ಕು ಗಂಟೆಗೊಮ್ಮೆ ಅದು ನಿಲ್ಲುತ್ತಿತ್ತು. ಸೋಮವಾರದಿಂದ ರಘು ಬಾಥೆಲ್‌ನ ಆಫೀಸಿಗೆ ಹೊರಟರು. ಮಿಕ್ಕ ರಜವನ್ನು ನಾನು ಊರಿಗೆ ಹೊರಟ ಮೇಲೆ ಬಳಸುವುದು ಎಂದು ಮೊದಲೇ ಮಾತಾಗಿತ್ತು. ಗುಂಡಿ ಒತ್ತುವ ಕೆಲಸ ನನ್ನದಾಯಿತು. ಮಗುವಿಗೆ ಹಾಲು, ಬಾಣಂತಿಗೆ ಸಾರನ್ನ, ಬಾಯ್ಲರಿಗೆ ಗುಂಡಿ. ಮೂವರ ಬಾಣಂತನ ಮಾಡ್ತಿದೀನಿ ಎಂದು ಊರಿಗೆ ಫೋನಿನಲ್ಲಿ ಹೇಳಿ ನಕ್ಕೆ.

ಹನ್ನೊಂದನೆಯ ದಿನ

ಸಹನಾ ಬೆಳಿಗ್ಗೆಯಿಂದ ಹಣೆ ಒತ್ತಿಕೊಳ್ಳುತ್ತಿದ್ದಳು.

"ತಲೆ ಸಿಡೀತಿದೆ ದೊಡ್ಡಮ್ಮ. ಹೊಟ್ಟೆ ತೊಳಸ್ತಿದೆ."

"ನಿದ್ದೆ ಇಲ್ಲ, ಅದಕ್ಕೆ. ಶುಂಠಿ ಅರೆದು ಹಚ್ತೀನಿ."

ಹಚ್ಚಿದೆ. ಒಂದು ಗಂಟೆ ಬಿಟ್ಟು ಕೋಣೆಗೆ ಹೋದರೆ ನಾನು ಅಂಟಿಸಿದ್ದ ಟೇಪನ್ನು ಕಿತ್ತು ಕಿಟಕಿ ತೆರೆದು, ತಲೆ ಹೊರಗೆ ಹಾಕಿ ನಿಂತಿದ್ದಾಳೆ. ತಲೆಯ ಬಟ್ಟೆ ಮಂಚದ ಮೇಲೆ. ಹೊರಗೆ ಮಳೆ. ನನಗೆ ಮೈಯೆಲ್ಲ ಉರಿದುಹೋಯಿತು.

"ಹೀಗೆ ನಿಂತ್ರೆ ತಲೆ ಹಗುರ ಆಗತ್ತೆ," ಎಂದಳು.

"ಹಗುರ ಆಗತ್ತೆ, ನಲವತ್ತು ವರ್ಷ ಆದ್ಮೇಲೆ ಗೊತ್ತಾಗತ್ತೆ. ನಿಮ್ಮಮ್ಮ ಇದ್ದಿದ್ರೆ ಹೀಗೆ ಮಾಡ್ತಿದ್ಯಾ?"

ಅವಳು ಬಂದು ಮಲಗಿದಳು. ನಾನು ಕಿಟಕಿ ಹಾಕಿ ಎರಡು ಸುತ್ತು ಟೇಪು ಅಂಟಿಸಿದೆ.

ಸಂಜೆ ಮತ್ತೆ ಅಂದಳು, ಮಗು ಹಾಲಿಗೆ ಏಳುತ್ತಿಲ್ಲ, ಬಾಯಿಗಿಟ್ಟರೂ ನಿದ್ದೆಗೆ ಜಾರುತ್ತಿದೆ ಎಂದು. ಸಾಂಬ್ರಾಣಿ ಹೊಗೆಗೆ ಮಕ್ಕಳು ಚೆನ್ನಾಗಿ ನಿದ್ದೆ ಮಾಡುತ್ತವೆ, ದೃಷ್ಟಿ ಹಾಕಬೇಡ ಎಂದು ಗದರಿದೆ. ನನಗೂ ಎರಡು ದಿನದಿಂದ ತಲೆ ಭಾರ. ಅದು ಇಲ್ಲಿನ ನೀರುಗಾಫಿಯ ಪ್ರಭಾವ ಎಂದುಕೊಂಡೆ. ಹಗಲೆಲ್ಲ ಹೊರಗಿರುತ್ತಿದ್ದ ರಘುವಿಗೆ ಮಾತ್ರ ಏನೂ ಇರಲಿಲ್ಲ. ಮೂವರು ಮನೆಯಲ್ಲಿ, ಒಬ್ಬರು ಹೊರಗೆ, ಮೂವರಿಗೆ ಕಾಯಿಲೆ. ಎಂಟನೆಯ ಕ್ಲಾಸಿನ ಮಗುವಿಗೆ ಈ ಲೆಕ್ಕ ಕೊಟ್ಟಿದ್ದರೆ ಬಿಡಿಸುತ್ತಿತ್ತು.

ಹದಿಮೂರನೆಯ ದಿನ

ಗುರುವಾರ ಹತ್ತು ಗಂಟೆಗೆ ಬಾಯ್ಲರಿನವರು ಬಂದರು. ಅರವತ್ತು ದಾಟಿದ ಆಳು, ಹೆಸರು ವಾಲ್ಟ್. ನಾವು ಚಪ್ಪಲಿ ಹೊರಗೆ ಬಿಡುತ್ತೇವೆ, ಅಲ್ಲಿನ ಕೆಲಸಗಾರರು ಬೂಟು ಬಿಚ್ಚುವಂತಿಲ್ಲವಂತೆ, ಅದಕ್ಕೆ ಬೂಟಿನ ಮೇಲೆ ನೀಲಿ ಪ್ಲಾಸ್ಟಿಕ್ ಚೀಲ ತೊಟ್ಟುಕೊಳ್ಳುತ್ತಾರೆ. ಆತ ಹೊಸಿಲ ಹೊರಗೆ ಕೂತು ಅದನ್ನು ಹಾಕಿಕೊಂಡು, ನಮಸ್ಕಾರದಂತೆ ತಲೆಬಾಗಿಸಿ ಒಳಗೆ ಹೆಜ್ಜೆಯಿಟ್ಟ. ಅವನ ಜೇಬಿಗೆ ಸಿಕ್ಕಿಸಿದ್ದ ಸಣ್ಣ ಯಂತ್ರವೊಂದು ಬಡಿದುಕೊಳ್ಳಲು ಶುರುವಾಯಿತು.

ಅವನು ಅದನ್ನೊಮ್ಮೆ ನೋಡಿದ. ಮುಖದ ನಗೆ ಹೋಯಿತು. ಮನೆಯಲ್ಲಿ ಯಾರ್ಯಾರಿದ್ದೀರಿ ಎಂದ. ಬಾಣಂತಿ, ಕೂಸು, ನಾನು ಎಂದೆ. ಎಲ್ಲರೂ ಹೊರಗೆ, ಈಗಲೇ ಎಂದ.

ನಾನು ಆಗ ಏನು ಮಾಡಿದೆ ಎಂಬುದನ್ನು ಇದ್ದಂತೆ ಹೇಳುತ್ತೇನೆ. ಕೋಣೆಯ ಬಾಗಿಲಿಗೆ ಅಡ್ಡ ನಿಂತೆ. ಹದಿಮೂರು ದಿನದ ಬಾಣಂತಿ ಹೊಸಿಲು ದಾಟುವ ಹಾಗಿಲ್ಲ, ಮಳೆ ಬರುತ್ತಿದೆ, ಏನಿದ್ದರೂ ಕೆಳಗೆ ಹೋಗಿ ನೋಡಿ ಎಂದು ಇಂಗ್ಲಿಷಿನಲ್ಲಿ ತಿಳಿಹೇಳಲು ಹೊರಟೆ. ಅವನು ಕೂಗಿದ. ಪರವೂರಿನಲ್ಲಿ ಒಬ್ಬ ಗಂಡಸು ನನ್ನ ಮೇಲೆ ಅಷ್ಟು ಜೋರಾಗಿ ಕೂಗಿದ್ದು ಅದೇ ಮೊದಲು. ನಿಮ್ಮ ಮನೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ತುಂಬಿದೆ, ಮಗುವನ್ನು ತನ್ನಿ ಎಂದ.

ಆ ಹೆಸರು ನನಗೆ ಗೊತ್ತು. ಬಣ್ಣವಿಲ್ಲ, ವಾಸನೆಯಿಲ್ಲ, ರಕ್ತಕ್ಕೆ ಸೇರಿದರೆ ಉಸಿರಿನ ಜಾಗ ಹಿಡಿದುಬಿಡುತ್ತದೆ. ಬೋರ್ಡಿನ ಮೇಲೆ ಬಿಳಿ ಸೀಮೆಸುಣ್ಣದಲ್ಲಿ ನಾನೇ ವರ್ಷ ವರ್ಷ ಬರೆದದ್ದು. ಮಗುವನ್ನು ಎತ್ತಿಕೊಂಡೆ. ಸಹನಾಳ ತಲೆಗೆ ಬಟ್ಟೆ ಸುತ್ತಲೂ ನೆನಪಾಗಲಿಲ್ಲ.

ವಾಲ್ಟ್ ತನ್ನ ಜಾಕೆಟ್ ಬಿಚ್ಚಿ ಸಹನಾಳಿಗೆ ಹೊದಿಸಿ, ನಮ್ಮನ್ನು ತನ್ನ ವ್ಯಾನಿನ ಸೀಟಿನಲ್ಲಿ ಕೂರಿಸಿ, ಬಾಗಿಲು ತೆರೆದೇ ಬಿಟ್ಟ. ಫೋನು ಮಾಡಿ ಮುಗಿಸಿ ಅವಳ ಎದುರು ಮೊಣಕಾಲೂರಿ, ನಿನಗೆ ಹೇಗನ್ನಿಸುತ್ತಿದೆ ಎಂದು ಕೇಳಿದ. ಕೇಳಿ ಸುಮ್ಮನೆ ಕಾದ, ಮಳೆಯಲ್ಲಿ. ಅವಳು ನಿಧಾನವಾಗಿ ಹೇಳಿದಳು. ಮೂರು ದಿನದಿಂದ ತಲೆನೋವು. ವಾಕರಿಕೆ. ಎದ್ದು ನಿಂತರೆ ಕಣ್ಣು ಮಂಜು. ಮಗು ಹಾಲಿಗೆ ಎಚ್ಚರವಾಗುತ್ತಿಲ್ಲ. ಕಿಟಕಿಯ ಹತ್ತಿರ ಹೋದರೆ ಮಾತ್ರ ಸ್ವಲ್ಪ ಪರವಾಗಿಲ್ಲ. ಇಷ್ಟನ್ನೂ ಅವಳು ನನಗೆ ಹೇಳಿದ್ದಳು. ಆದರೆ ನಾನು ಪೂರ್ತಿ ಕೇಳಿಸಿಕೊಂಡದ್ದು ಆಗಲೇ.

ಅಗ್ನಿಶಾಮಕದವರು ಬಂದರು, ಆಂಬುಲೆನ್ಸೂ ಬಂತು. ಮಗುವಿನ ಮುಖಕ್ಕೆ ಮಾವಿನಕಾಯಿಯಷ್ಟು ಸಣ್ಣ ಮಾಸ್ಕ್ ಹಿಡಿದರು. ಅದು ಅಳಲಿಲ್ಲ. ಅಳು, ಅಳು ತಾಯಿ ಎಂದು ನಾನು ಗಟ್ಟಿಯಾಗಿ ಹೇಳುತ್ತಿದ್ದೆನಂತೆ, ನನಗೆ ನೆನಪಿಲ್ಲ. ಆಂಬುಲೆನ್ಸ್ ಹೊರಟು ರಸ್ತೆಯ ತಿರುವಿಗೆ ಬಂದಾಗ ಅದು ಬಾಯಿ ತೆರೆದು ಅತ್ತಿತು. ಅಷ್ಟು ಚೆಂದದ ದನಿಯನ್ನು ನಾನು ಕೇಳಿಲ್ಲ.

ಆಸ್ಪತ್ರೆಯಲ್ಲಿ

ನಮಗೆ ಮೂವರಿಗೂ ಆಮ್ಲಜನಕ ಕೊಟ್ಟರು, ರಕ್ತ ಪರೀಕ್ಷೆ ಮಾಡಿದರು. ಮಗುವಿಗೇ ಹೆಚ್ಚು ಹೊತ್ತು ಬೇಕಾಯಿತು. ಮಧ್ಯಾಹ್ನ ಮೂರರ ಹೊತ್ತಿಗೆ ಡಾಕ್ಟರಮ್ಮ ಬಂದು ತಾಯಿ ಮಗು ಇಬ್ಬರೂ ಸುಧಾರಿಸುತ್ತಿದ್ದಾರೆ, ಸರಿಯಾದ ಹೊತ್ತಿಗೆ ಬಂದಿರಿ ಎಂದಳು. ನಾನು ಅವಳ ಕೈಯನ್ನು ಕಣ್ಣಿಗೊತ್ತಿಕೊಂಡೆ. ಅವಳಿಗೆ ಏನು ಮಾಡಬೇಕೆಂದು ತೋಚಲಿಲ್ಲ, ಬೆನ್ನು ತಟ್ಟಿದಳು.

ಆಫೀಸಿನಿಂದ ಓಡಿಬಂದಿದ್ದ ರಘು ಆಮೇಲೆ ಫೋನು ಹಿಡಿದುಕೊಂಡು ಬಂದರು. ವಾಲ್ಟ್ ಫೋಟೋ ಕಳಿಸಿದ್ದ. "ಗೋಡೆಯ ಕಿಂಡೀಲಿ ಯಾರೋ ಬಟ್ಟೆ ತುರುಕಿದಾರೆ ಅಂತಿದಾರೆ. ಬಾಯ್ಲರಿಗೆ ಉರಿಯೋಕೆ ಗಾಳಿ ಬರೋದು ಅಲ್ಲಿಂದಾನೇ ಅಂತೆ. ಗಾಳಿ ಸಾಲದೆ ವಿಷ ಆಗಿ, ಹೊಗೆ ವಾಪಸ್ ಒಳಗೇ ಬರ್ತಿತ್ತಂತೆ. ಹೊಗೆ ಹಿಂದಕ್ಕೆ ಹೊರಳಿದ್ರೆ ಉರಿ ನಿಲ್ಸೋಕೇ ಆ ಕೆಂಪು ಗುಂಡಿ ಇರೋದಂತೆ." ಒಂದು ಕ್ಷಣ ನಿಂತು ಕೇಳಿದರು, "ಹಳೇ ಮನೆಯವರು ಯಾರಾದ್ರೂ ಹಾಕಿದ್ರೋ ಏನೋ?"

ಫೋಟೋದಲ್ಲಿ ನನ್ನ ಹಸಿರು ಸೀರೆಯ ಸೆರಗು ಕಾಣುತ್ತಿತ್ತು. ಹೌದು, ಹಳೇ ಮನೆಯವರೇ ಇರಬೇಕು ಎಂದುಬಿಡಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ.

"ಅದು ನನ್ನ ಸೀರೆ. ನಾನೇ ತುರುಕಿದ್ದು," ಎಂದೆ.

ಉರಿಯುವ ಮೇಣದಬತ್ತಿಯ ಮೇಲೆ ಗಾಜಿನ ಲೋಟ ಬೋರಲು ಹಾಕಿದರೆ ಏನಾಗುತ್ತದೆ? ಆರಿಹೋಗುತ್ತದೆ ಮಿಸ್. ಯಾಕೆ? ಗಾಳಿ ಸಿಗಲ್ಲ ಮಿಸ್. ಮೂವತ್ತೊಂದು ವರ್ಷ ಕೇಳಿದ ಪ್ರಶ್ನೆ ಇದು. ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ. ನಾನು ಬಿದ್ದದ್ದಲ್ಲದೆ ಎರಡು ಜೀವವನ್ನೂ ಜೊತೆಗೆ ಎಳೆದಿದ್ದೆ. ಕಾಯಲೆಂದು ಬಂದ ಬೇಲಿಯೇ ಹೊಲ ಮೇಯ್ದಿತ್ತು.

ರಘು ಎದ್ದು ಹೊರಗಿನ ಮೊಗಸಾಲೆಗೆ ಹೋಗಿ ಗೋಡೆಗೆ ಮುಖ ಮಾಡಿ ಬಹಳ ಹೊತ್ತು ನಿಂತಿದ್ದರು. ವಾಪಸ್ ಬಂದು, "ಅಲಾರಂ ಬಿಚ್ಚಿದ್ದು ನಾನು. ಗುಂಡಿ ಮೊದಲು ಒತ್ತಿದ್ದೂ ನಾನೇ," ಎಂದರು. ನನ್ನ ಪಾಲನ್ನು ಹಂಚಿಕೊಳ್ಳುವ ದೊಡ್ಡ ಮನಸ್ಸು ಅವರದು. ಆದರೆ ಎರಡನ್ನೂ ಮಾಡಿಸಿದವಳು ನಾನು.

ಅವರು ಕಾಫಿ ತರಲು ಹೋದಾಗ ಸಹನಾ ಮಂಚದಿಂದ ಕರೆದಳು. ಮೂಗಿಗೆ ಕೊಳವೆ ಹಾಕಿದ್ದರು. ಮಗು ಅವಳ ಎದೆಯ ಮೇಲೆ ಹಾಲು ಕುಡಿಯುತ್ತಿತ್ತು. ನನ್ನನ್ನು ಬೈಯಲಿ ಎಂದು ಬೇಡಿಕೊಳ್ಳುತ್ತ ಹತ್ತಿರ ಹೋದೆ.

"ಸೀರೆ ವಿಷಯ ಬಿಡು ದೊಡ್ಡಮ್ಮ, ಗೊತ್ತಿಲ್ದೆ ಮಾಡಿದ್ದು," ಎಂದಳು. "ನಾನು ತಲೆನೋವು ಅಂತ ಎಷ್ಟು ಸಲ ಹೇಳ್ದೆ ನಿಂಗೆ?"

ನಾನು ಮಗುವಿನ ಕಾಲಿಗೆ ಬಟ್ಟೆ ಎಳೆದೆ.

"ಅಮ್ಮನೂ ಹೇಳಿದ್ಲು. ಬೆನ್ನು ಹಿಡ್ಕೊಂಡಿದೆ, ತೋಳು ಸೆಳೀತಿದೆ ಅಂತ ಒಂದು ವಾರ ಹೇಳಿದ್ಲು. ವಾಯು ಅಂತ ನೀನು ಜೀರಿಗೆ ಕಷಾಯ ಮಾಡ್ಕೊಟ್ಟೆ. ಫೋನಲ್ಲಿ ನಾನೂ ದೊಡ್ಡಮ್ಮ ಹೇಳಿದ್ರೆ ಸರಿ ಅಂದೆ."

ಶಾರದೆಯ ಎದೆ ನಿಂತದ್ದು ಆ ವಾರದ ಕೊನೆಗೆ. ಮೂರು ವರ್ಷದಲ್ಲಿ ಈ ಮಾತನ್ನು ನನಗೆ ಯಾರೂ ಅಂದಿರಲಿಲ್ಲ, ನಾನೂ ನನಗೆ ಅಂದುಕೊಂಡಿರಲಿಲ್ಲ. ಸಹನಾ ಅಳುತ್ತಿರಲಿಲ್ಲ, ದನಿಯಲ್ಲಿ ಸಿಟ್ಟೂ ಇರಲಿಲ್ಲ. ಮಂಚದ ಕಂಬಿ ಹಿಡಿದುಕೊಂಡು ನಾನೇ ಅತ್ತೆ. ಯಾರು ನೋಡಿದರು, ಯಾರು ಬಿಟ್ಟರು ಎಂಬ ಪರಿವೆ ಇರಲಿಲ್ಲ.

"ಇನ್ಮೇಲೆ ನಾನು ಹೇಳಿದ್ರೆ ಕೇಳಿಸ್ಕೋ, ಅಷ್ಟೇ," ಎಂದಳು.

"ಹೂಂ," ಎಂದೆ.

ಹದಿನೇಳನೆಯ ದಿನ

ಎರಡು ರಾತ್ರಿ ಆಸ್ಪತ್ರೆಯಲ್ಲಿಟ್ಟುಕೊಂಡು ಮನೆಗೆ ಕಳಿಸಿದರು. ವಾಲ್ಟ್ ಬಾಯ್ಲರಿನ ಮಸಿ ತೆಗೆದು, ಹೊಗೆ ಕೊಳವೆ ತಿಕ್ಕಿ, ಎಲ್ಲ ಸರಿಮಾಡಿದ್ದ. ಸೂರಿನಲ್ಲಿ ಮೂರು ಬಿಲ್ಲೆಗಳೂ ಮರಳಿದ್ದವು, ಬೇಸ್‌ಮೆಂಟಿನಲ್ಲಿ ಹೊಸದೊಂದು. ಸಾಂಬ್ರಾಣಿಯನ್ನು ನಾನು ಕಟ್ಟಿ ಪೆಟ್ಟಿಗೆಗೆ ಹಾಕಿದೆ. ರೇಡಿಯೇಟರುಗಳು ಬೆಚ್ಚಗಿದ್ದವು. ಸರೋವರದ ಮೇಲೆ ನೀರಿನಿಂದಲೇ ಹಾರುವ ಪುಟ್ಟ ವಿಮಾನವೊಂದು ಸದ್ದು ಮಾಡುತ್ತ ಏರಿತು.

ಹದಿನೇಳನೆಯ ದಿನ ಮಧ್ಯಾಹ್ನ ಊಟಕ್ಕೆ ಸಾರು ಕುದಿಯುತ್ತಿತ್ತು. ಸಹನಾ ಮಗುವನ್ನು ತೋಳಲ್ಲಿಟ್ಟುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ದೊಡ್ಡಮ್ಮ, ಮೊಸರನ್ನ ತಿನ್ಬೇಕು ಅನ್ನಿಸ್ತಿದೆ."

ಹದಿನೇಳು ದಿನದ ಬಾಣಂತಿಗೆ ಮೊಸರು! ನಮ್ಮ ಮನೆತನದಲ್ಲಿ ಮೂರು ತಿಂಗಳು ಮೊಸರಿನ ಪಾತ್ರೆಯನ್ನು ಬಾಣಂತಿಯ ಕಣ್ಣಿಗೂ ಬೀಳಿಸುವುದಿಲ್ಲ. ಶೀತ, ನಂಜು, ಮಗುವಿಗೆ ಕಫ. ಬೇಡ ಎನ್ನಲು ನನ್ನ ಬಳಿ ಹತ್ತು ಕಾರಣ ಸಾಲಾಗಿ ನಿಂತಿದ್ದವು, ಬಾಯಿ ತೆರೆದೂ ಆಗಿತ್ತು. ಅವಳು ನನ್ನನ್ನೇ ನೋಡುತ್ತಿದ್ದಳು.

ಸಾರಿನ ಉರಿ ಸಣ್ಣ ಮಾಡಿದೆ. ಫ್ರಿಜ್ಜು ತೆಗೆದು ಮೊಸರು ಹೊರಗಿಟ್ಟೆ.

"ಒಗ್ಗರಣೆಗೆ ಮೆಣಸಿನಕಾಯಿ ಹಾಕ್ಲಾ, ಬೇಡ್ವಾ?" ಎಂದು ಕೇಳಿದೆ. ಕೇಳಿ, ಅವಳು ಹೇಳುವವರೆಗೆ ಕಾದೆ.